ಮೊಸರನ್ನ ತಿಂದ ಬೆಕ್ಕು ಮತ್ತು ಪ್ಯಾಕೆಟ್ಟಿನ ಚರಿತ್ರೆ

ಆಫೀಸ್ ಬಸ್ಸಲ್ಲಿ ಕೂತು ಸೌಂಡ್ ಹಾಕೋಕಾಗಲ್ಲ ಅನ್ನೋರಿಗೆ ಎಂದಿನಂತೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ಶಾಸನ, ಯುದ್ಧ, ಹಳೇ ಮದರಾಸು ಅಂತ ಮಾತಾಡೋ ಚಾನೆಲ್ಲಿನಲ್ಲಿ ನಾಯಿ-ಬೆಕ್ಕಿನ ಊಟ ಯಾಕೆ ಬಂತು ಅಂತ ಕೇಳ್ತೀರಿ. ಕಾರಣ ನಮ್ಮನೆ ಬೆಕ್ಕು. ಮೂರು ವರ್ಷದ ಹಿಂದೆ ನವೆಂಬರ್ ಮಳೆಯಲ್ಲಿ ವೇಳಚ್ಚೇರಿಯ ಒಂದು ಕಾರಿನ ಕೆಳಗೆ ಸಿಕ್ಕಿದ ಮರಿ. ಬೆಣ್ಣೆ ಅಂತ ಹೆಸರಿಟ್ವಿ. ಪೆರುಂಗುಡಿಯಲ್ಲಿ ಏಳನೇ ಮಹಡಿ ಮನೆ, ಬಾಲ್ಕನಿಗೆ ಬಲೆ. ನಾವು ಸಸ್ಯಾಹಾರಿಗಳು. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ನಾಯಿಯ ಒಣ ಆಹಾರ ಒಂದು ಮುಷ್ಟಿ. ನಾಯಿದಾದ್ರೇನು, ಬೆಕ್ಕಿದಾದ್ರೇನು ಅಂದ್ಕೊಂಡಿದ್ದೆ. ತಿನ್ನೋದಂತೂ ತಿಂತಿತ್ತು.

ಎರಡು ವರ್ಷ ಆಗುವಷ್ಟರಲ್ಲಿ ಬೆಣ್ಣೆ ಸೋಫಾದಿಂದ ಕಿಟಕಿಗೆ ಹಾರೋವಾಗ ಗುರಿ ತಪ್ಪೋಕೆ ಶುರುವಾಯ್ತು. ಮೊದಲು ನಕ್ಕೆವು, ವಿಡಿಯೋ ಕೂಡ ಮಾಡಿದೆವು. ಆಮೇಲೆ ಗಮನಿಸಿದರೆ ಹಾಡಹಗಲಲ್ಲೂ ಅದರ ಕಣ್ಣು ತುಂಬಾ ಕಪ್ಪು. ಪಾಪೆ ಕಿರಿದಾಗ್ತಾನೇ ಇಲ್ಲ. ಕರಕೊಂಡು ಹೋದಾಗ ಡಾಕ್ಟರಮ್ಮ ಕಣ್ಣಿಗೆ ಲೈಟ್ ಬಿಟ್ಟು ನೋಡಿ ಕೇಳಿದ ಮೊದಲ ಪ್ರಶ್ನೆ: ಏನು ಊಟ ಹಾಕ್ತೀರಿ? ಹೇಳಿದೆ. "ತಯಿರ್ ಸಾದಮಾ?" ಅಂತ ಇನ್ನೊಂದು ಸಲ ಕೇಳಿದರು. ಕಣ್ಣಿನ ಹಿಂಪರದೆ ಹಾಳಾಗಿದೆ, ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೊಳ್ಳೋಣ ಅಂದರು. ಹೃದಯ ಸದ್ಯಕ್ಕೆ ಚೆನ್ನಾಗಿದೆ.

ಮನೆಗೆ ಬಂದು ಹೇಳಿದರೆ ಅಮ್ಮ ಒಪ್ಪಲೇ ಇಲ್ಲ. "ತೀರ್ಥಹಳ್ಳಿ ಮನೇಲಿ ನಮ್ಮತ್ತೆ ಸಾಕಿದ್ದ ಬೆಕ್ಕು ಹಾಲನ್ನ ತಿಂದ್ಕೊಂಡೇ ಹದಿನೈದು ವರ್ಷ ಬದುಕಿತ್ತು ಕಣೋ. ಅದಕ್ಕೆ ಯಾವ ಪ್ಯಾಕೆಟ್ ಹಾಕಿದ್ರು?" ಅಂದರು.

ಅಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಬೆಕ್ಕನ್ನ ನಾನೂ ನೋಡಿದ್ದೇನೆ. ಹಾಗಿದ್ರೆ ಅದೇ ಊಟ ಅಲ್ಲಿ ಬದುಕಿಸಿ ಇಲ್ಲಿ ಕಣ್ಣು ಕಿತ್ಕೊಂಡಿದ್ದು ಹೇಗೆ? ಈ ಪ್ರಶ್ನೆ ಹಿಡ್ಕೊಂಡು ಓದ್ತಾ ಹೋದೆ. ಉತ್ತರ ಇಷ್ಟೇ: ಆ ಬೆಕ್ಕಿಗೆ ಹಾಲನ್ನ ಊಟ ಆಗಿರಲೇ ಇಲ್ಲ. ಊಟ ಅಟ್ಟದ ಮೇಲಿತ್ತು, ಭತ್ತದ ಪಣತದ ಸುತ್ತ ಓಡಾಡ್ತಿತ್ತು. ಇಲಿ, ಹಲ್ಲಿ, ಓತಿಕ್ಯಾತ, ಗುಬ್ಬಿ. ಮನೆಯವರು ಕೊಡ್ತಿದ್ದ ಹಾಲನ್ನ ಬರೀ ನೆಂಚಿಕೆ. ನಾನು ಬೆಕ್ಕನ್ನ ಏಳನೇ ಮಹಡಿಗೆ ತಂದು, ಬಲೆ ಹಾಕಿ, ಊಟ ಕಿತ್ಕೊಂಡು, ನೆಂಚಿಕೆ ಮಾತ್ರ ಮುಂದುವರಿಸಿದ್ದೆ.

ಈಗ ಒಂದು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಜಾಗ ಮಾತ್ರ ಇಲ್ಲೇ ಹತ್ತಿರದ್ದು. ಚೆನ್ನೈಯಿಂದ ಪಶ್ಚಿಮಕ್ಕೆ, ಅರಕ್ಕೋಣಂ ಪಕ್ಕ ತಕ್ಕೋಲಂ ಅನ್ನೋ ಊರಿದೆ. ಕ್ರಿ.ಶ. 949ರಲ್ಲಿ ಅಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲೇ ಸತ್ತ. ಆ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಚಿನ್ನ ಅಲ್ಲ, ಕಾಳಿ ಅನ್ನೋ ನಾಯಿಯನ್ನ. ಮುಂದೆ ಆ ಕಾಳಿಯನ್ನ ಒಂದು ಭಾರೀ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ರಜೆಗೆ ಊರಿಗೆ ಹೋದಾಗ ನೋಡಿ ಬನ್ನಿ.

ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಷರತ್ತು. ಆ ಜಾಗ ನೋಡ್ಕೊಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರೆದಿದ್ದಾರೆ. ಅಂದ್ರೆ ಮೊದಲು ಕಾಳಿಗೆ, ಆಮೇಲೆ ನಿನ್ನ ಊಟ! ಬದುಕಿದ್ದಾಗ ಕಾಳಿ ಏನು ತಿಂತಿತ್ತು ಅಂತ ಶಾಸನ ಹೇಳಲ್ಲ. ಆದರೆ ಹಂದಿಗೆ ಬಿಡೋ ಬೇಟೆನಾಯಿ ಬರೀ ಅನ್ನದ ಮೇಲೆ ನಿಂತಿರಲಿಲ್ಲ ಅಂತ ಊಹಿಸೋಕೆ ಶಾಸನ ಬೇಕಿಲ್ಲ.

ನಮ್ಮ ಮುಧೋಳ ನಾಯಿ ಕಥೆನೂ ಇದೇ. ಮುಧೋಳದ ಘೋರ್ಪಡೆ ರಾಜರು ಐದನೇ ಜಾರ್ಜ್ ದೊರೆಗೆ ಮರಿಗಳನ್ನ ಉಡುಗೊರೆ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ಮುಧೋಳಕ್ಕೂ ತಮಿಳುನಾಡಿನ ರಾಜಪಾಳಯಂಗೂ ಸ್ಟ್ಯಾಂಪ್ ತಂದಿದ್ದು ನಿಮಗೆ ಗೊತ್ತಿರಬಹುದು. ಊರಲ್ಲಿ ಅದಕ್ಕೆ ಹಾಕ್ತಿದ್ದದ್ದು ಜೋಳದ ರೊಟ್ಟಿ, ನುಚ್ಚು, ಹಾಲು. ಹೊಲದಲ್ಲಿ ಅದೇ ಹಿಡ್ಕೊಳ್ತಿದ್ದದ್ದು ಮೊಲ. ಇವತ್ತು ಶೋಲಿಂಗನಲ್ಲೂರಿನ ಟೂ ಬಿಎಚ್‌ಕೆಯಲ್ಲಿ ಮುಧೋಳ ಸಾಕೋರು ರೊಟ್ಟಿ-ಹಾಲನ್ನ ಮಾತ್ರ "ಸಾಂಪ್ರದಾಯಿಕ ಆಹಾರ" ಅಂತಾರೆ. ಮೊಲ ಲೆಕ್ಕಕ್ಕೇ ಇಲ್ಲ.

ಆದರೆ ಇಲ್ಲಿ ನಾಯಿಗೂ ಬೆಕ್ಕಿಗೂ ದೊಡ್ಡ ವ್ಯತ್ಯಾಸ ಇದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದರು: ಪಿಷ್ಟ ಜೀರ್ಣಿಸೋ ಅಮೈಲೇಸ್ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯ ಬೇಸಾಯ ಮಾಡ್ತಾ ಹೋದ, ನಾಯಿ ಅವನ ಎಂಜಲು ತಿಂತಾ ಅನ್ನಕ್ಕೆ ಒಗ್ಗಿಕೊಂಡಿತು. ಹಾಗಾಗಿ ನಾಯಿಗೆ ರಾಗಿ, ಅನ್ನ ವಿಷವೇನಲ್ಲ, ಬೇರೆ ಪೋಷಕಾಂಶ ಸರಿಯಾಗಿ ಸೇರಿದ್ದರೆ. ಬೆಕ್ಕು ಮಾತ್ರ ಮನುಷ್ಯನ ಕಣಜಕ್ಕೆ ಬಂದಿದ್ದು ಕಾಳು ತಿನ್ನೋಕಲ್ಲ, ಕಾಳು ತಿನ್ನೋ ಇಲಿಯನ್ನ ತಿನ್ನೋಕೆ. ಅದರ ಮೈ ಇನ್ನೂ ಬೇಟೆಗಾರನದ್ದೇ.

ನಗರ ಬೆಳೆದ ಕಡೆಯೆಲ್ಲಾ ಈ ಕಳೆದುಹೋದ ಅರ್ಧ ಊಟವನ್ನ ದುಡ್ಡು ಕೊಟ್ಟು ತರಬೇಕಾಯ್ತು. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಬೆಕ್ಕಿನ ಮಾಂಸ ಮಾರೋರು ಅಂತಲೇ ಒಂದು ಕಸುಬಿತ್ತು. ಸತ್ತ ಕುದುರೆಗಳ ಬೇಯಿಸಿದ ಮಾಂಸವನ್ನ ಕಡ್ಡಿಗೆ ಚುಚ್ಚಿ ಬೀದಿ ಬೀದಿ ಮಾರ್ತಿದ್ದರು, ನಮ್ಮಲ್ಲಿ ಸೊಪ್ಪಿನವಳು ಬಂದ ಹಾಗೆ. ಅದೇ ಲಂಡನ್ನಿಗೆ 1860ರ ಹೊತ್ತಿಗೆ ಅಮೆರಿಕದಿಂದ ಜೇಮ್ಸ್ ಸ್ಪ್ರಾಟ್ ಅನ್ನೋನು ಬಂದ. ಅವನು ಮಾರೋಕೆ ತಂದಿದ್ದು ಮಿಂಚುನಿರೋಧಕ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಕಲ್ಲಿನಂಥ ಬಿಸ್ಕೆಟ್ಟನ್ನ ನಾಯಿಗಳು ಕಚ್ಚಾಡ್ತಾ ತಿನ್ನೋದು ನೋಡಿ ಅವನಿಗೆ ಐಡಿಯಾ ಹೊಳೀತು ಅಂತ ಕಥೆ ಹೇಳ್ತಾರೆ. ಗೋಧಿ, ಬೀಟ್‌ರೂಟ್, ತರಕಾರಿ, ಒಣಗಿಸಿದ ಮಾಂಸದ ಅಂಶ ಸೇರಿಸಿ ನಾಯಿ ಬಿಸ್ಕೆಟ್ ಮಾಡಿದ. ಆ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಡಾಗ್ ಶೋ ಶುರು ಮಾಡಿದ. ಆಹಾರದ ಮಾರಾಟ, ಶೋ, ಜಾತಿನಾಯಿಯ ಪ್ರತಿಷ್ಠೆ, ಮೂರೂ ಹುಟ್ಟಿನಿಂದಲೇ ಒಟ್ಟಿಗೆ ಬೆಳೆದವು ಅಂತ ಇದರಿಂದ ಗೊತ್ತಾಗುತ್ತೆ. ಇವತ್ತು ಭಾರತದ ಕೆನೆಲ್ ಕ್ಲಬ್ಬಿನ ಮುಖ್ಯ ಕಚೇರಿ ಇರೋದು ಇದೇ ಚೆನ್ನೈಯಲ್ಲಿ.

ಮದರಾಸಿನಲ್ಲಿ ಆ ಕಾಲಕ್ಕೆ ಪ್ಯಾಕೆಟ್ಟಿನ ಅಗತ್ಯ ಅಷ್ಟಾಗಿ ಇರಲಿಲ್ಲ, ಆಳುಗಳಿದ್ದರು. ಬಿಳಿಯರ ಬಂಗಲೆಗಳಲ್ಲಿ ನಾಯಿ ನೋಡ್ಕೊಳ್ಳೋಕೇ ಒಬ್ಬ ಹುಡುಗನನ್ನ ಇಟ್ಕೊಳ್ತಿದ್ದರು. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಭಾರತದಲ್ಲಿ ಮನೆ ನಡೆಸೋ ಮೇಮ್‌ಸಾಹೇಬರಿಗಾಗಿ ಬರೆದ ಕೈಪಿಡಿಯಲ್ಲಿ ಅಡುಗೆಯವನ ಬಗ್ಗೆ ಇರೋ ಹಾಗೆ ನಾಯಿಗಳ ಬಗ್ಗೆಯೂ ಒಂದು ಅಧ್ಯಾಯ ಇದೆ. 1903ರ ಅಕ್ಟೋಬರಿನಲ್ಲಿ ವೇಪೇರಿಯಲ್ಲಿ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಶುರುವಾಯ್ತು. ಆ ಕಾಲದ ಪಶುವೈದ್ಯಕೀಯ ಅಂದ್ರೆ ಮುಖ್ಯವಾಗಿ ಕುದುರೆ, ದನ. ನಾಯಿ-ಬೆಕ್ಕು ರೋಗಿಗಳಾಗಿ ಸಾಲು ನಿಂತಿದ್ದು ಬಹಳ ಆಮೇಲೆ. ಈಗ ಬೆಳಿಗ್ಗೆ ವೇಪೇರಿ ಆಸ್ಪತ್ರೆ ಮುಂದೆ ಹೋಗಿ ನೋಡಿ, ಆಟೋದಲ್ಲಿ ಲ್ಯಾಬ್ರಡಾರನ್ನ ತೊಡೆ ಮೇಲೆ ಕೂರಿಸ್ಕೊಂಡು ಬಂದೋರು ಎಷ್ಟು ಜನ ಅಂತ.

ಸಾಕೋರಿಲ್ಲದ ಪ್ರಾಣಿಗಳ ಕಥೆ ಬೇರೆ. 1959ರ ಮಳೆಯಲ್ಲಿ ಟಿ. ನಗರದ ನೀರು ತುಂಬಿದ ಬೀದಿಯಲ್ಲಿ ಎರಡು ಮರಿಗಳನ್ನ ಎತ್ತಿಕೊಂಡು ಬಂದ ಪೈಲಟ್ ಕ್ಯಾಪ್ಟನ್ ಸುಂದರಂ, ಪತ್ನಿ ಉಷಾ ಜತೆ ಸೇರಿ ಕಟ್ಟಿದ್ದೇ ಬ್ಲೂ ಕ್ರಾಸ್. ಬೀದಿನಾಯಿಗೆ ಚೆನ್ನೈ ಕೊಟ್ಟ ಇನ್ನೊಂದು ಊಟ ನೀವು ದಿನಾ ನೋಡ್ತೀರಿ: ಟೀ ಕಡೆಯ ಗಾಜಿನ ಭರಣಿಯಲ್ಲಿರೋ ಪೊರೈ. ಟೀ ಕುಡಿಯೋಕೆ ಬಂದೋರು ಒಂದು ಪೊರೈ ತಗೊಂಡು ಮುರಿದು ಹಾಕ್ತಾರೆ. ಸ್ಪ್ರಾಟನ ಬಿಸ್ಕೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ತತ್ವ ಒಂದೇ. ನಗರದ ನಾಯಿಗೆ ಹಿಟ್ಟಿನ ಗಟ್ಟಿ ತುಂಡು. ಬೀದಿನಾಯಿ ಉಳಿದದ್ದನ್ನ ಮೀನಂಗಡಿಯ ಹಿಂದೆ, ಕಸದ ತೊಟ್ಟಿಯಲ್ಲಿ ಹುಡುಕ್ಕೊಳ್ಳುತ್ತೆ. ನಿಮ್ಮ ಫ್ಲ್ಯಾಟಿನೊಳಗಿನ ನಾಯಿಗೆ ಆ ದಾರಿಯೂ ಇಲ್ಲ.

ಈಗ ಒಣ ಆಹಾರಕ್ಕೆ ಬರೋಣ. ಮೊದಲು ಡಬ್ಬಿಯದ್ದೇ ಜೋರಾಗಿತ್ತು; ಎರಡನೇ ಮಹಾಯುದ್ಧದಲ್ಲಿ ತಗಡು ಸೇನೆಗೆ ಹೋಗಿ ಅಮೆರಿಕದಲ್ಲಿ ಒಣ ಆಹಾರ ಮೇಲೆ ಬಂತು. 1957ರಲ್ಲಿ ಪ್ಯೂರಿನಾ ಕಂಪನಿ ಬೆಳಗಿನ ಸೀರಿಯಲ್ ಮಾಡೋ ಎಕ್ಸ್‌ಟ್ರೂಡರ್ ಯಂತ್ರದಲ್ಲೇ ನಾಯಿ ಊಟ ಮಾಡಿ ಮಾರುಕಟ್ಟೆಗೆ ತಂತು. ಹಿಟ್ಟು, ಮಾಂಸದ ಪುಡಿ, ನೀರು ಎಲ್ಲಾ ಶಾಖ ಮತ್ತು ಒತ್ತಡದಲ್ಲಿ ಬೆಂದು, ತೂತಿನಿಂದ ಹೊರಗೆ ಬಂದ ಕೂಡಲೇ ಉಬ್ಬುತ್ತೆ. ನಾವು ತಿನ್ನೋ ಕುರ್ಕುರೆ ಕೂಡ ಅದೇ ಜಾತಿಯ ಯಂತ್ರದ ಮಗು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಉಬ್ಬಿ ಗಟ್ಟಿಯಾಗೋಕೆ ಪಿಷ್ಟ ಬೇಕೇ ಬೇಕು. ಅಂದರೆ ಒಣ ಆಹಾರದಲ್ಲಿ ಜೋಳ, ಅಕ್ಕಿ, ಬಟಾಣಿ ಇರೋದು ಪ್ರಾಣಿ ಕೇಳಿತು ಅಂತಲ್ಲ, ಯಂತ್ರ ಕೇಳಿತು ಅಂತ. ಕೆಟ್ಟದ್ದು ಅಂತ ಹೇಳ್ತಿಲ್ಲ, ಯಾಕಿದೆ ಅಂತ ಗೊತ್ತಿರಲಿ.

ಬೆಣ್ಣೆಯ ಕಣ್ಣಿನ ಉತ್ತರ ಇರೋದು ಮುಂದಿನ ಎರಡು ತಾರೀಕುಗಳಲ್ಲಿ.

ಟಾರೀನ್ ಅನ್ನೋ ವಸ್ತುವನ್ನ 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಕಂಡುಹಿಡಿದರು. ಹೆಸರು ಬಂದಿದ್ದೂ ಗೂಳಿಯಿಂದಲೇ. ಮಾಂಸ, ಮೀನಿನಲ್ಲಿ ಧಾರಾಳ, ಧಾನ್ಯದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಾಯಿಯ ಮೈ ಸಾಮಾನ್ಯವಾಗಿ ತಾನೇ ತಯಾರಿಸ್ಕೊಳ್ಳುತ್ತೆ. ಬೆಕ್ಕಿಗೆ ಬೇಕಾದಷ್ಟು ತಯಾರಿಸೋಕೆ ಬರಲ್ಲ, ಯಾಕಂದ್ರೆ ಪ್ರತಿ ಇಲಿಯಲ್ಲೂ ರೆಡಿಮೇಡ್ ಸಿಗ್ತಿತ್ತು. 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಪ್ರಯೋಗದ ಬೆಕ್ಕುಗಳಿಗೆ ಪ್ರೋಟೀನಾಗಿ ಕೇಸೀನ್ ಮಾತ್ರ ಕೊಟ್ಟಿದ್ದರು. ಕೇಸೀನ್ ಅಂದ್ರೆ ಹಾಲಿನ ಪ್ರೋಟೀನು. ಆ ಬೆಕ್ಕುಗಳ ಕಣ್ಣಿನ ಹಿಂಪರದೆ ಹಾಳಾಯ್ತು, ಕಾರಣ ಟಾರೀನ್ ಕೊರತೆ. ಇದನ್ನ ಓದಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಹುಟ್ಟೋಕೂ ಮುಂಚೆ ಗೊತ್ತಿದ್ದ ವಿಷಯ.

ಎರಡನೇ ತಾರೀಕು 1987. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜತೆಗಾರರು ಹೃದಯ ಹಿಗ್ಗಿ ಸೋತ ಬೆಕ್ಕುಗಳಲ್ಲಿ ಟಾರೀನ್ ಕಡಿಮೆ ಇರೋದನ್ನೂ, ಟಾರೀನ್ ಕೊಟ್ಟರೆ ಆ ಹೃದಯ ಸುಧಾರಿಸೋದನ್ನೂ ತೋರಿಸಿದರು. ಆ ಬೆಕ್ಕುಗಳು ಮೊಸರನ್ನ ತಿಂದೋವಲ್ಲ. ಅಂಗಡಿಯ ಬೆಕ್ಕಿನ ಆಹಾರವನ್ನೇ ತಿಂದೋವು. ಅಂದರೆ ಪ್ಯಾಕೆಟ್ಟಿಗೂ ತಪ್ಪಿತ್ತು. ಆಮೇಲೆ ಕಂಪನಿಗಳು ಟಾರೀನ್ ಹೆಚ್ಚಿಸಿದವು, ಆ ಹೃದ್ರೋಗ ಅಪರೂಪವಾಯ್ತು. ಅಜ್ಜಿಯ ಹಾಲನ್ನವೂ ಪೂರ್ತಿ ಸರಿಯಲ್ಲ, ಪ್ಯಾಕೆಟ್ಟೂ ಹುಟ್ಟುತ್ತಲೇ ಸರಿಯಿರಲಿಲ್ಲ. ವ್ಯತ್ಯಾಸ ಇಷ್ಟೇ, ಪ್ಯಾಕೆಟ್ಟಿನ ತಪ್ಪನ್ನ ಯಾರೋ ಅಳೆದು, ಬರೆದು, ತಿದ್ದಿಸಿದರು. ನನ್ನ ಅಡುಗೆಮನೆಯ ತಪ್ಪನ್ನ ಅಳೆಯೋರು ಇರಲಿಲ್ಲ.

ಅಳತೆಯನ್ನೂ ಮೋಸ ಮಾಡಬಹುದು. ನಮ್ಮ ಐಟಿ ಮಂದಿಗೆ ಇದು ಬೇಗ ಅರ್ಥ ಆಗುತ್ತೆ. ಲೇಬಲ್ಲಿನಲ್ಲಿ "ಕ್ರೂಡ್ ಪ್ರೋಟೀನ್" ಅಂತ ಒಂದು ಸಂಖ್ಯೆ ಇರುತ್ತಲ್ಲ, ಅದು ನೇರವಾಗಿ ಪ್ರೋಟೀನ್ ಅಳೆದದ್ದಲ್ಲ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ರೂಪಿಸಿದ ವಿಧಾನ ಅಳೆಯೋದು ಸಾರಜನಕವನ್ನ, ಅದನ್ನ 6.25ರಿಂದ ಗುಣಿಸಿ ಪ್ರೋಟೀನ್ ಅಂತಾರೆ. ಸಾರಜನಕ ಎಲ್ಲಿಂದ ಬಂತು ಅಂತ ಟೆಸ್ಟ್ ಕೇಳಲ್ಲ. ಪ್ಲಾಸ್ಟಿಕ್ ಮಾಡೋ ಮೆಲಮೈನಿನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ಗೋಧಿ ಗ್ಲುಟೆನ್ನಿಗೆ ಅದನ್ನ ಬೆರೆಸಿದರೆ ಟೆಸ್ಟ್ ಪಾಸ್! 2007ರ ಮಾರ್ಚಿನಲ್ಲಿ ಕೆನಡಾದ ಮೆನು ಫುಡ್ಸ್ ಆರು ಕೋಟಿಗೂ ಹೆಚ್ಚು ಡಬ್ಬಿ, ಪೌಚುಗಳನ್ನ ವಾಪಸ್ ಕರೆಸ್ಕೊಂಡಿತು. ಚೀನಾದಿಂದ ಬಂದ ಗ್ಲುಟೆನ್ನಿನಲ್ಲಿದ್ದ ಮೆಲಮೈನು ಮತ್ತು ಸಯನ್ಯೂರಿಕ್ ಆಮ್ಲ ಸೇರಿ ನಾಯಿ-ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳು ಕಟ್ಟಿದ್ದವು. ಒಂದೇ ಕಾರ್ಖಾನೆಯಿಂದ ಹಲವಾರು ಬ್ರ್ಯಾಂಡುಗಳ ಹೆಸರಲ್ಲಿ ಹೋಗಿದ್ದ ಮಾಲು ಅದು. ದುಬಾರಿಯದ್ದೂ ಇತ್ತು, ಅಗ್ಗದ್ದೂ ಇತ್ತು. ಮರುವರ್ಷ ಚೀನಾದಲ್ಲಿ ಮಕ್ಕಳ ಹಾಲಿನಪುಡಿಯಲ್ಲೂ ಅದೇ ಮೆಲಮೈನ್ ಸಿಕ್ಕಿತು. ನಾಯಿ-ಬೆಕ್ಕುಗಳು ಒಂದು ವರ್ಷ ಮೊದಲೇ ಎಚ್ಚರಿಕೆ ಕೊಟ್ಟಿದ್ದವು.

ಹಾಗಾಗಿ "ಸಾರ್, ಒಂದು ಬ್ರ್ಯಾಂಡ್ ಹೆಸರು ಹೇಳಿ" ಅಂತ ಕೇಳೋರಿಗೆ ನಾನು ಹೆಸರು ಹೇಳಲ್ಲ. ಪ್ಯಾಕೆಟ್ಟಿನ ಮುಂಭಾಗದ ಕೋಳಿ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಮೊದಲು ಹುಡುಕಬೇಕಾದ್ದು "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಅನ್ನೋ ಮಾತು, ಯಾವ ಪ್ರಾಣಿಗೆ, ಯಾವ ವಯಸ್ಸಿಗೆ ಅನ್ನೋದರ ಸಮೇತ. ಅಮೆರಿಕದ ಆಫ್ಕೋ ಅಥವಾ ಯುರೋಪಿನ ಫೆಡಿಯಾಫ್ ಮಾನದಂಡದ ಹೆಸರಿದ್ದರೆ ಒಳ್ಳೇದು. ನಮ್ಮ ಬಿಐಎಸ್‌ನಲ್ಲೂ ನಾಯಿ-ಬೆಕ್ಕಿನ ಆಹಾರಕ್ಕೆ ಒಂದು ಮಾನದಂಡ ಇದೆ, ಐಎಸ್ 11968. ಒಂದು ಮಾತು, ಆಫ್ಕೋ ಯಾವ ಪ್ಯಾಕೆಟ್ಟನ್ನೂ ತಾನೇ ಪರೀಕ್ಷೆ ಮಾಡಿ ಮುದ್ರೆ ಹಾಕಲ್ಲ, ಮಾನದಂಡ ಮಾತ್ರ ಕೊಡುತ್ತೆ. "ಆಫ್ಕೋ ಅಪ್ರೂವ್ಡ್" ಅಂತ ಅಂಗಡಿಯವನು ಹೇಳಿದರೆ ನಕ್ಕುಬಿಡಿ. "ಕಾಂಪ್ಲಿಮೆಂಟರಿ" ಅಥವಾ "ಟ್ರೀಟ್" ಅಂತಿದ್ದರೆ ಅದು ಅಜ್ಜಿಯ ಹಾಲನ್ನದ ಹಾಗೆ, ನೆಂಚಿಕೆ ಮಾತ್ರ. ಬೆಕ್ಕಿಗೆ ಇಷ್ಟ ಅಂತ ಅಂಗಡಿಯವರು ಕೊಡೋ ಟ್ಯೂಬಿನ ಕ್ರೀಮುಗಳು ಬಹುಪಾಲು ಈ ಜಾತಿಯವೇ.

ಆಮೇಲೆ ಲೆಕ್ಕ. ಒಂದು ಪೌಚಿನಲ್ಲಿ ಪ್ರೋಟೀನ್ 9%, ನೀರು 82% ಅಂತಿದೆ ಅನ್ನಿ. ಒಣ ಆಹಾರದಲ್ಲಿ ಪ್ರೋಟೀನ್ 28%, ನೀರು 10%. ನೋಡಿದ ತಕ್ಷಣ ಒಣದೇ ಮೇಲು ಅನ್ಸುತ್ತೆ. ನೀರು ತೆಗೆದು ನೋಡಿ: ಪೌಚಿನಲ್ಲಿ 18ಕ್ಕೆ 9, ಅಂದ್ರೆ 50%. ಒಣದರಲ್ಲಿ 90ಕ್ಕೆ 28, ಅಂದ್ರೆ ಸುಮಾರು 31%. ಇದೇ ಟ್ರಿಕ್ಕು ಪದಾರ್ಥಗಳ ಪಟ್ಟಿಯಲ್ಲೂ ಇದೆ. "ಫ್ರೆಶ್ ಚಿಕನ್" ಮೊದಲು ಬಂದಿದ್ದರೆ ಅದರ ತೂಕದಲ್ಲಿ ಮುಕ್ಕಾಲರ ಹತ್ತಿರ ನೀರೇ. "ಚಿಕನ್ ಮೀಲ್" ಅಂದ್ರೆ ನೀರು ತೆಗೆದ ಪುಡಿ, ಕೇಳೋಕೆ ಚೆನ್ನಾಗಿಲ್ಲ ಅಷ್ಟೇ.

ಲ್ಯಾಬ್, ಜರ್ಮನ್ ಶೆಫರ್ಡ್ ಥರದ ದೊಡ್ಡ ಜಾತಿ ಮರಿ ಸಾಕೋರು ಕಂಪ್ಲೀಟ್ ಆಹಾರದ ಜತೆಗೆ ಕ್ಯಾಲ್ಸಿಯಂ ಸಿರಪ್ ಹಾಕೋ ಅಭ್ಯಾಸ ಬಿಡಿ. ಆ ಮರಿಗಳ ಮೈಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯೋಕೆ ಬರಲ್ಲ, ಮೂಳೆ ಸೊಟ್ಟಗಾಗುತ್ತೆ. "ಗ್ರೈನ್ ಫ್ರೀ" ಅಂತ ಹೆಚ್ಚು ದುಡ್ಡು ಕೊಡೋಕೆ ಮುಂಚೆ 2018ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ತನಿಖೆ ಶುರು ಮಾಡಿದ್ದನ್ನ ನೆನಪಿಟ್ಕೊಳ್ಳಿ: ಧಾನ್ಯದ ಬದಲು ಬಟಾಣಿ, ಬೇಳೆ ತುಂಬಿದ ಆಹಾರ ತಿಂದ ನಾಯಿಗಳಲ್ಲಿ ಹೃದ್ರೋಗದ ದೂರುಗಳು. ಕಾರಣ ಖಚಿತವಾಗಿ ಸಾಬೀತಾಗಿಲ್ಲ. ಆದರೆ ಧಾನ್ಯ ತೆಗೆದಿದ್ದರಿಂದ ನಾಯಿಗೆ ಲಾಭ ಅಂತಲೂ ಸಾಬೀತಾಗಿಲ್ಲ.

ಚೆನ್ನೈಗೆ ಅಂತಲೇ ಒಂದು ವಿಷಯ, ಸೆಕೆ. ಅಂಗಡಿಗಳಲ್ಲಿ ದೊಡ್ಡ ಮೂಟೆ ಬಿಚ್ಚಿ ಕೆಜಿ ಲೆಕ್ಕದಲ್ಲಿ ಬಿಡಿಯಾಗಿ ಮಾರ್ತಾರಲ್ಲ, ಅದನ್ನ ನಾನೂ ತಂದಿದ್ದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಿಲ್ಲದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಅದರಲ್ಲಿ ಅಫ್ಲಾಟಾಕ್ಸಿನ್. ಜೋಳ, ಕಡಲೆಕಾಯಿ, ಶಾಖ, ತೇವ ಇಷ್ಟು ಸೇರಿದ ಕಡೆ ಆ ಶಿಲೀಂಧ್ರಕ್ಕೆ ಹಬ್ಬ. ಬಿಡಿ ಮಾಲಿನಲ್ಲಿ ತಯಾರಾದ ತಾರೀಕೂ ಇಲ್ಲ, ಬ್ಯಾಚ್ ನಂಬರೂ ಇಲ್ಲ; ನಾಳೆ ತಯಾರಕರು ವಾಪಸ್ ಕರೆಸ್ಕೊಂಡರೆ ನಿಮ್ಮ ಡಬ್ಬದಲ್ಲಿರೋದು ಅದೇನಾ ಅಂತ ತಿಳಿಯೋಕೂ ದಾರಿಯಿಲ್ಲ. ಒಂದು ತಿಂಗಳಲ್ಲಿ ಮುಗಿಯೋ ಅಳತೆಯ ಸೀಲ್ ಆದ ಪ್ಯಾಕೆಟ್ ತಂದು, ಆ ಪ್ಯಾಕೆಟ್ ಸಮೇತ ಗಾಳಿಯಾಡದ ಡಬ್ಬಕ್ಕೆ ಹಾಕಿಡಿ.

ಮನೆ ಊಟವೇ ಬೇಕು ಅನ್ನೋರಿಗೆ: ನಾಯಿಗೆ ಆಗುತ್ತೆ, ಆದರೆ ಅಂದಾಜಿನ ಮೇಲೆ ಬೇಡ, ಪಶುವೈದ್ಯರ ಹತ್ರ ಪಟ್ಟಿ ಬರೆಸ್ಕೊಳ್ಳಿ. ಈರುಳ್ಳಿ ಸಾಂಬಾರ್ ಕಲಸಿದ ಅನ್ನ ಹಾಕಬೇಡಿ, ಈರುಳ್ಳಿ-ಬೆಳ್ಳುಳ್ಳಿ ಎರಡೂ ನಾಯಿ-ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಭಾನುವಾರದ ಬಿರಿಯಾನಿಯ ಬೆಂದ ಮೂಳೆಯೂ ಬೇಡ, ಚೂಪಾಗಿ ಸೀಳುತ್ತೆ.

ಕೊನೆಗೆ ನಮ್ಮನೆಯ ಜಗಳ. ಮಾಂಸದ ಪೌಚು ಮನೆಯೊಳಗೆ ಬರೋದು ಹೇಗೆ? ಅಮ್ಮ ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ನಾನು ಶಾಸ್ತ್ರ ಹೇಳೋಕೆ ಹೋಗಲಿಲ್ಲ. "ತೀರ್ಥಹಳ್ಳಿ ಬೆಕ್ಕು ಅಟ್ಟದ ಮೇಲೆ ರಾತ್ರಿಯೆಲ್ಲಾ ಏನು ಮಾಡ್ತಿತ್ತಮ್ಮ?" ಅಂತ ಕೇಳಿದೆ ಅಷ್ಟೇ. "ಇಲಿ ಹಿಡೀತಿತ್ತು. ಇನ್ನೇನು ಮಾಡುತ್ತೆ, ಅದು ಬೆಕ್ಕಲ್ವಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದೊಂದು ದಿನ ತಂದು ಅತ್ತೆ ಕಾಲ ಹತ್ರ ಇಡ್ತಿತ್ತು" ಅಂತ ತಾವೇ ಸೇರಿಸಿದರು.

ಈಗ ಬಾಲ್ಕನಿಯ ವಾಷಿಂಗ್ ಮೆಷೀನ್ ಪಕ್ಕ ಬೆಣ್ಣೆಗೆ ಬೇರೆ ತಟ್ಟೆ, ಹಿಡಿಗೆ ಕೆಂಪು ದಾರ ಕಟ್ಟಿದ ಬೇರೆ ಚಮಚ. ಪೌಚು ಕತ್ತರಿಸೋದು ನಾನು ಅಥವಾ ನನ್ನ ಹೆಂಡತಿ. ನಾವಿಬ್ಬರೂ ಆಫೀಸಿನಲ್ಲಿ ಸಿಕ್ಕಿಹಾಕ್ಕೊಂಡ ದಿನ ಮಾತ್ರ ಅಮ್ಮ ಮೂಗಿಗೆ ಸೆರಗು ಹಿಡ್ಕೊಂಡು ತಾವೇ ಹಾಕ್ತಾರೆ, ಚಮಚದಲ್ಲಿ ತಟ್ಟೆಯ ಅಂಚಿಗೆ ಎರಡು ಸಲ ಟಕ್ ಟಕ್ ಅನ್ನಿಸ್ತಾರೆ. ಬೆಣ್ಣೆ ಆ ಸದ್ದು ಹಿಡ್ಕೊಂಡು ಗೋಡೆ ಪಕ್ಕದಲ್ಲೇ ಬರುತ್ತೆ.